ಏನೂ ಬದಲಾಗಿಲ್ಲ ಎನ್ನುವ ಪ್ಯಾಚ್

ಒಂದೇ ಸರ್ವರ್‌ನೊಳಗೆ ಹತ್ತಾರು ವರ್ಚುವಲ್ ಯಂತ್ರಗಳನ್ನು ಎಬ್ಬಿಸುವುದು, ನಿಲ್ಲಿಸುವುದು, ಬೇಕಾದಾಗ ಇನ್ನೊಂದು ಸರ್ವರ್‌ಗೆ ಸಾಗಿಸುವುದು ಲಿಬ್‌ವರ್ಟ್ ಎಂಬ ಲೈಬ್ರರಿಯ ಕೆಲಸ. 2005ರಲ್ಲಿ ಶುರುವಾದ, ಸಿ ಭಾಷೆಯಲ್ಲಿ ಬರೆದ ಈ ಮುಕ್ತ ತಂತ್ರಾಂಶಕ್ಕೆ ವರ್ಷಗಳಿಂದ ಒಂದೇ ಬಗೆಯ ಸಣ್ಣ ಪ್ಯಾಚ್‌ಗಳು ಬರುತ್ತಲೇ ಇವೆ. ಅವುಗಳ ಸ್ವರೂಪ ಹೀಗಿರುತ್ತದೆ. ಹಳೆಯ ಕಾಲದ ಒಂದು ಫಂಕ್ಷನ್. ಮೊದಲಲ್ಲಿ ‘ರೆಟ್’ ಎಂಬ ವೇರಿಯಬಲ್‌ಗೆ ಮೈನಸ್ ಒಂದು ಕೊಟ್ಟಿರುತ್ತಾರೆ. ನಡುವೆ ಎಲ್ಲಿ ಎಡವಟ್ಟಾದರೂ ‘ಗೋಟು ಕ್ಲೀನಪ್’ ಎಂದು ತಳಕ್ಕೆ ಹಾರಬೇಕು. ತಳದಲ್ಲಿ ಕ್ಲೀನಪ್ ಎಂಬ ಲೇಬಲ್, ಅದರ ಕೆಳಗೆ ಪಡೆದ ಮೆಮೊರಿಯನ್ನೆಲ್ಲ ಬಿಡುವ ಸಾಲುಗಳು, ಕಡೆಗೆ ರೆಟ್ ಅನ್ನು ಹಿಂತಿರುಗಿಸುವ ಸಾಲು. 2019ರ ಕೊನೆಯ ಹೊತ್ತಿಗೆ ಲಿಬ್‌ವರ್ಟ್ ತಂಡ ಜಿಲಿಬ್ ಲೈಬ್ರರಿಯನ್ನು ಅಪ್ಪಿಕೊಂಡಿತು. ಆಮೇಲೆ ಬಂದ ಪ್ಯಾಚ್‌ಗಳು ಪಾಯಿಂಟರ್ ಘೋಷಣೆಯ ಮುಂದೆ ‘ಜಿ ಆಟೋಫ್ರೀ’ ಎಂಬ ಗುರುತು ಸೇರಿಸುತ್ತವೆ. ಫಂಕ್ಷನ್ ಮುಗಿದ ಕೂಡಲೇ ಆ ಮೆಮೊರಿಯನ್ನು ಕಂಪೈಲರೇ ಬಿಡಿಸುತ್ತದೆ. ಲೇಬಲ್ ಬೇಡವಾಗುತ್ತದೆ, ಗೋಟುಗಳ ಜಾಗದಲ್ಲಿ ನೇರ ರಿಟರ್ನ್ ಬರುತ್ತದೆ, ಇಪ್ಪತ್ತು ಸಾಲಿನ ಫಂಕ್ಷನ್ ಹನ್ನೆರಡಕ್ಕೆ ಇಳಿಯುತ್ತದೆ. ಓದುವವರಿಗೂ ಹಿತ.

ಇದನ್ನು ರಿವ್ಯೂ ಮಾಡುವವರು ಏನೇನು ನೋಡಬೇಕು? ಗುರುತು ಹಾಕಿದ ಪಾಯಿಂಟರ್‌ಗೆ ಹುಟ್ಟುವಾಗಲೇ ನಲ್ ಬೆಲೆ ಕೊಟ್ಟಿದ್ದಾರೆಯೇ? ಕೊಡದೆ ನಡುವಿನಿಂದಲೇ ಹೊರಬಿದ್ದರೆ, ಎಲ್ಲೋ ಬಿದ್ದಿದ್ದ ಕಸದ ವಿಳಾಸವನ್ನು ಕಂಪೈಲರ್ ಬಿಡಿಸಲು ಹೋಗುತ್ತದೆ. ಆ ಮೆಮೊರಿಯ ಒಡೆತನವನ್ನು ಫಂಕ್ಷನ್ ದಾರಿಯಲ್ಲೆಲ್ಲಾದರೂ ಇನ್ನೊಂದು ರಚನೆಗೆ ಒಪ್ಪಿಸುತ್ತಿತ್ತೇ? ಹಾಗಿದ್ದರೆ ‘ಜಿ ಸ್ಟೀಲ್ ಪಾಯಿಂಟರ್’ ಬಳಸಿ ಕೈಬಿಡಿಸಿಕೊಳ್ಳಬೇಕು, ಇಲ್ಲವಾದರೆ ಇನ್ನೊಬ್ಬರ ಕೈಯಲ್ಲಿರುವುದನ್ನೇ ಬಿಡುಗಡೆ ಮಾಡಿದಂತಾಗುತ್ತದೆ. ಲಾಕ್ ಬಿಡುವುದಕ್ಕೂ ಮೆಮೊರಿ ಬಿಡುವುದಕ್ಕೂ ಹಿಂದುಮುಂದಿನ ನಂಟು ಇತ್ತೇ? ತಪ್ಪಿನ ದಾರಿಗಳಲ್ಲಿ ಯಾವುದೋ ಒಂದು ಮಾತ್ರ ರೆಟ್‌ಗೆ ಸೊನ್ನೆ ಕೊಟ್ಟು ತಳಕ್ಕೆ ಹಾರುತ್ತಿತ್ತೇ? ಎಲ್ಲ ಗೋಟುಗಳನ್ನೂ ಸಾರಾಸಗಟಾಗಿ ‘ರಿಟರ್ನ್ ಮೈನಸ್ ಒಂದು’ ಮಾಡಿದವರ ಕಣ್ಣಿಗೆ ಅದು ಬಿದ್ದಿತೇ? ಇನ್ನೊಂದು ಸೂಕ್ಷ್ಮವೂ ಇದೆ. ಲಿಬ್‌ವರ್ಟ್‌ನ ಹಳೆಯ ‘ವಿಐಆರ್ ಫ್ರೀ’ ಮೆಮೊರಿಯನ್ನು ಬಿಟ್ಟ ಮೇಲೆ ಪಾಯಿಂಟರನ್ನೂ ನಲ್ ಮಾಡುತ್ತದೆ. ಜಿಲಿಬ್‌ನ ‘ಜಿ ಫ್ರೀ’ ಹಾಗೆ ಮಾಡುವುದಿಲ್ಲ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಬಹುಪಾಲು ಕಡೆ ಏನೂ ಆಗದು. ಆ ಪಾಯಿಂಟರನ್ನು ಮುಂದೆ ಯಾರಾದರೂ ‘ನಲ್ ಆಗಿದೆಯೇ’ ಎಂದು ನೋಡುವ ಕಡೆಯಲ್ಲಿ ಮಾತ್ರ ಅನಾಹುತ.

ಎಂಟು ಸಾಲು ಅಳಿಸುವ ಪ್ಯಾಚ್‌ಗೆ ಇಷ್ಟೊಂದು ಪ್ರಶ್ನೆ ಏಕೆ ಎಂದರೆ, ಅದು ಮಾಡುವ ಹೇಳಿಕೆ ಬಲು ದೊಡ್ಡದು. ಹೊಸ ಸೌಲಭ್ಯ ಸೇರಿಸುವ ಪ್ಯಾಚ್ ‘ಇಷ್ಟು ಬದಲಾಗುತ್ತದೆ’ ಎನ್ನುತ್ತದೆ. ಆ ಇಷ್ಟನ್ನು ಪರೀಕ್ಷೆ ಬರೆದು ನೋಡಬಹುದು. ಕ್ಲೀನಪ್ ಪ್ಯಾಚ್ ‘ಏನೂ ಬದಲಾಗುವುದಿಲ್ಲ’ ಎನ್ನುತ್ತದೆ: ಯಾವ ಇನ್‌ಪುಟ್ ಬಂದರೂ, ಯಾವ ಕಂಪೈಲರ್ ಬಳಸಿದರೂ, ಲೈಬ್ರರಿಯನ್ನು ನೆಚ್ಚಿಕೊಂಡ ಯಾವ ಪ್ರೋಗ್ರಾಮಿಗೂ. ಎಲ್‌ಎಲ್‌ವಿಎಂ ಕಂಪೈಲರ್ ಯೋಜನೆಯಲ್ಲಿ ಇಂಥ ಪ್ಯಾಚ್‌ಗಳ ತಲೆಗೆ ಎನ್‌ಎಫ್‌ಸಿ ಎಂಬ ಗುರುತನ್ನೇ ಹಾಕುತ್ತಾರೆ, ನಡವಳಿಕೆಯಲ್ಲಿ ಬದಲಾವಣೆ ಇಲ್ಲ ಎಂದು ತಿಳಿಸಲು. ಗುರುತು ಓದುವವರಿಗೆ ಅನುಕೂಲವೇನೋ ಹೌದು. ಆದರೆ ಅದು ಬರೆದವರ ನಂಬಿಕೆಯನ್ನು ಮಾತ್ರ ಹೇಳುತ್ತದೆ. ಆ ನಂಬಿಕೆಯನ್ನು ಒರೆಗೆ ಹಚ್ಚುವ ಹೊಣೆ ರಿವ್ಯೂ ಮಾಡುವವರದು.

ಈ ವಿಷಯದಲ್ಲಿ ಎಲ್ಲರೂ ನೆನೆಯುವ ಪ್ರಕರಣ 2008ರದು. ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯನ್ನು ಡೆಬಿಯನ್ ಎಂಬ ಲಿನಕ್ಸ್ ವಿತರಣೆ ತನ್ನ ಬಳಕೆದಾರರಿಗೆ ಕಟ್ಟಿ ಕೊಡುವಾಗ, ಬೆಲೆ ತುಂಬದ ಮೆಮೊರಿಯನ್ನು ಕೋಡ್ ಓದುತ್ತಿದೆ ಎಂದು ವಾಲ್‌ಗ್ರಿಂಡ್ ಎಂಬ ತಪಾಸಣಾ ಸಾಧನ ದೂರುತ್ತಿತ್ತು. ದೂರಿನ ಮೂಲ ಹುಡುಕಿದಾಗ ಯಾದೃಚ್ಛಿಕ ಸಂಖ್ಯೆ ತಯಾರಿಸುವ ಫೈಲಿನಲ್ಲಿ ಎರಡು ಸಾಲು ಸಿಕ್ಕವು. ಎರಡೂ ಬೇರೆ ಬೇರೆ ಫಂಕ್ಷನ್‌ನಲ್ಲಿದ್ದವು, ಆದರೆ ಅಕ್ಷರಶಃ ಒಂದೇ ಆಗಿದ್ದವು: ಬಫರ್‌ನಲ್ಲಿ ಇರುವುದನ್ನು ಹ್ಯಾಶ್‌ಗೆ ಬೆರೆಸು. ಒಂದು ಫಂಕ್ಷನ್‌ನಲ್ಲಿ ಆ ಬಫರ್ ಅಂದರೆ ಕೇಳಿದವರಿಗೆ ಉತ್ತರ ತುಂಬಿ ಕೊಡಲು ಇಟ್ಟ ಖಾಲಿ ಜಾಗ. ಅಲ್ಲಿ ಬಿದ್ದಿದ್ದ ಕಸವನ್ನೂ ಬೆರೆಸಿದರೆ ಒಂದಿಷ್ಟು ಅನಿಶ್ಚಿತತೆ ಹೆಚ್ಚೀತು ಎಂಬ ಲೆಕ್ಕ. ಆ ಸಾಲು ತೆಗೆದರೆ ನಷ್ಟವಿಲ್ಲ. ಅದರ ಸುತ್ತ ಮೂಲ ಲೇಖಕರು ಷರತ್ತನ್ನೂ ಹಾಕಿಟ್ಟಿದ್ದರು, ಪ್ಯೂರಿಫೈ ಎಂಬ ಇಂಥದೇ ಇನ್ನೊಂದು ಸಾಧನ ದೂರದಂತೆ. ಇನ್ನೊಂದು ಫಂಕ್ಷನ್‌ನಲ್ಲಿ ಅದೇ ಬಫರ್, ವ್ಯವಸ್ಥೆ ಎಲ್ಲೆಲ್ಲಿಂದಲೋ ಒಟ್ಟುಮಾಡಿ ತಂದ ನಿಜವಾದ ಅನಿಶ್ಚಿತತೆಯನ್ನು ಒಳಗೆ ತರುವ ದಾರಿ, ಅದೂ ಇದ್ದ ಒಂದೇ ದಾರಿ.

ಡೆಬಿಯನ್‌ನವರು ಆ ಎರಡೂ ಸಾಲನ್ನು ಕಮೆಂಟ್ ಆಗಿಸಿ ನಿಲ್ಲಿಸಿದರು. ಹಾಗೆ ಮಾಡುವ ಮುನ್ನ ಓಪನ್‌ಎಸ್‌ಎಸ್‌ಎಲ್ ಬಳಗದಲ್ಲಿ ಕೇಳಿಯೂ ಇದ್ದರು, ಡೀಬಗ್ ಮಾಡಲು ಅನುಕೂಲವಾದರೆ ತೆಗೆಯಬಹುದು ಎಂಬ ಧಾಟಿಯ ಉತ್ತರವೂ ಬಂದಿತ್ತು. ಪ್ರಶ್ನೆ ಪೂರ್ತಿ ಪ್ಯಾಚ್ ಆಗಿ ಹೋಗಿರಲಿಲ್ಲ, ಉತ್ತರವೂ ಪೂರ್ತಿ ರಿವ್ಯೂ ಆಗಿ ಬರಲಿಲ್ಲ. ಪರಿಣಾಮವಾಗಿ ಯಾದೃಚ್ಛಿಕ ಸಂಖ್ಯೆಗೆ ಬೀಜವಾಗಿ ಉಳಿದದ್ದು ಪ್ರೊಸೆಸ್ ಸಂಖ್ಯೆ ಮಾತ್ರ, ಅದಕ್ಕೆ ಸಾಧ್ಯವಿದ್ದ ಬೆಲೆಗಳು 32,768. 2006ರ ಸೆಪ್ಟೆಂಬರ್‌ನಿಂದ 2008ರ ಮೇ 13ರವರೆಗೆ ಡೆಬಿಯನ್ ಮತ್ತು ಅದರಿಂದ ಹುಟ್ಟಿದ ಉಬುಂಟುವಿನಂಥ ವ್ಯವಸ್ಥೆಗಳಲ್ಲಿ ತಯಾರಾದ ಎಸ್‌ಎಸ್‌ಎಚ್ ಕೀಲಿಗಳನ್ನು ಪಟ್ಟಿ ಮಾಡಿ ಒಂದೊಂದಾಗಿ ಹಾಕಿ ನೋಡಬಹುದಾದ ಸ್ಥಿತಿ ಅದು. ಲುಸಿಯಾನೋ ಬೆಲ್ಲೋ ಅದನ್ನು ಕಂಡುಹಿಡಿದ ಮೇಲೆ ಜಗತ್ತಿನ ಸಿಸ್ಟಮ್ ಆಡಳಿತಗಾರರು ಕೀಲಿಗಳನ್ನು ಮತ್ತೆ ಮಾಡಿಸಬೇಕಾಯಿತು. ಸಾಧನ ಸುಳ್ಳು ಹೇಳಿರಲಿಲ್ಲ, ಪ್ಯಾಚ್ ಬರೆದವರೂ ಅವಸರದ ಮನುಷ್ಯರಾಗಿರಲಿಲ್ಲ. ಒಂದೇ ರೂಪದ ಎರಡು ಸಾಲಿಗೆ ಒಂದೇ ಅರ್ಥ ಎಂದುಕೊಂಡದ್ದರಲ್ಲಿ ತಪ್ಪಿತ್ತು. ಕ್ಲೀನಪ್ ಪ್ಯಾಚ್‌ಗಳಲ್ಲಿ ಹೆಚ್ಚಿನವು ಇದೇ ಊಹೆಯ ಮೇಲೆ ನಿಂತಿರುತ್ತವೆ. ‘ಈ ಮಾದರಿ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಹೀಗೆ ಮಾಡಿ’ ಎಂಬ ಮಾತು ಬಂದಾಗಲೆಲ್ಲ ನನಗೆ ಈ ಎರಡು ಸಾಲು ಕಣ್ಣ ಮುಂದೆ ಬರುತ್ತವೆ.

ಸಾಲುಗಳ ಜಾಗ ಬದಲಿಸುವುದು ಇನ್ನೂ ನಿರಪಾಯವೆಂದು ಕಾಣುತ್ತದೆ. 2009ರಲ್ಲಿ ಲಿನಕ್ಸ್ ಕರ್ನೆಲ್‌ನ ಟನ್ ಡ್ರೈವರ್‌ನಲ್ಲಿ ಕಂಡ ದೋಷವನ್ನು ಇಲ್ಲಿ ನೋಡಬೇಕು. ಫಂಕ್ಷನ್‌ನ ತಲೆಯಲ್ಲಿ ವೇರಿಯಬಲ್ ಘೋಷಿಸುತ್ತಲೇ ಟನ್ ಎಂಬ ಪಾಯಿಂಟರ್‌ನೊಳಗಿನಿಂದ ಒಂದು ಬೆಲೆ ತೆಗೆದುಕೊಳ್ಳುತ್ತಾರೆ. ಮುಂದೆ ‘ಟನ್ ನಲ್ ಆಗಿದ್ದರೆ ಹಿಂತಿರುಗು’ ಎಂಬ ಪರೀಕ್ಷೆ ಇದೆ. ಘೋಷಣೆಗಳೆಲ್ಲ ಮೇಲೆ ಅಂದವಾಗಿ ಕುಳಿತಿವೆ, ಪರೀಕ್ಷೆಯೂ ಇದ್ದಲ್ಲೇ ಇದೆ. ಆದರೆ ನಲ್ ಪಾಯಿಂಟರ್‌ನೊಳಗೆ ಇಣುಕುವುದು ಸಿ ಭಾಷೆಯ ನಿಯಮಕ್ಕೆ ಹೊರಗು. ಇಣುಕಿ ಆಗಿದೆ ಎಂದ ಮೇಲೆ ಅದು ನಲ್ ಆಗಿರಲು ಸಾಧ್ಯವಿಲ್ಲ ಎಂದು ಕಂಪೈಲರ್ ತೀರ್ಮಾನಿಸಿ, ಆ ಪರೀಕ್ಷೆಯನ್ನೇ ಕಿತ್ತುಹಾಕಿತು. ಮೂಲ ಕೋಡ್‌ನಲ್ಲಿ ಕಾಣುವ ಕಾವಲು ಯಂತ್ರದ ಕೋಡ್‌ನಲ್ಲಿ ಇಲ್ಲ. ಇದರಿಂದ ಸಾಮಾನ್ಯ ಬಳಕೆದಾರನೊಬ್ಬ ಇಡೀ ವ್ಯವಸ್ಥೆಯ ಅಧಿಕಾರ ಪಡೆಯಬಹುದೆಂದು ತೋರಿಸಿಕೊಟ್ಟ ಮೇಲೆ ಕರ್ನೆಲ್ ತಂಡ ಆ ಬಗೆಯ ಅಳಿಸುವಿಕೆಯನ್ನೇ ನಿಲ್ಲಿಸುವ ಕಂಪೈಲರ್ ಆಯ್ಕೆಯನ್ನು ಜಾರಿಗೆ ತಂದಿತು. ಗುಪ್ತಪದವನ್ನು ಬಳಸಿ ಮುಗಿದ ಮೇಲೆ ಮೆಮೊರಿಗೆ ಸೊನ್ನೆ ತುಂಬುವ ‘ಮೆಮ್‌ಸೆಟ್’ ಸಾಲಿನ ಕಥೆಯೂ ಇದೇ ಜಾತಿಯದು. ಆಮೇಲೆ ಯಾರೂ ಆ ಮೆಮೊರಿಯನ್ನು ಓದುವುದಿಲ್ಲವಾದ್ದರಿಂದ ಅದು ಕೆಲಸಕ್ಕೆ ಬಾರದ ಸಾಲೆಂದು ಕಂಪೈಲರೂ ತೆಗೆಯುತ್ತದೆ, ಉತ್ಸಾಹಿ ಹೊಸಬರೂ ತೆಗೆಯುತ್ತಾರೆ. ಗ್ನೂ ಸಿ ಲೈಬ್ರರಿಗೆ 2017ರಲ್ಲಿ 2.25ನೇ ಆವೃತ್ತಿಯೊಂದಿಗೆ ‘ಎಕ್ಸ್‌ಪ್ಲಿಸಿಟ್ ಬಿಜೀರೋ’ ಎಂಬ ಪ್ರತ್ಯೇಕ ಫಂಕ್ಷನ್ ಬಂದ ಕಾರಣ ಇದೇ. ಉದ್ದೇಶವನ್ನು ಹೆಸರಿನಲ್ಲೇ ಬರೆದಿಟ್ಟರೆ ಕಂಪೈಲರೂ ಮನುಷ್ಯರೂ ಕೈಹಾಕುವುದಿಲ್ಲ.

ಲೈಬ್ರರಿ ಎಂದಾಗ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಅದನ್ನು ಬಳಸುವವರು ಯಾರು, ಯಾವುದನ್ನು ನೆಚ್ಚಿಕೊಂಡಿದ್ದಾರೆ ಎಂಬುದು ಬರೆಯುವವರಿಗೆ ಎಂದೂ ಪೂರ್ತಿ ಕಾಣುವುದಿಲ್ಲ. ಗ್ನೂ ಸಿ ಲೈಬ್ರರಿಯ ಎರಡು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. 2010ರಲ್ಲಿ ‘ಮೆಮ್‌ಕಾಪಿ’ ವೇಗವಾಗಲೆಂದು ಕೆಲವು ಪ್ರೊಸೆಸರ್‌ಗಳಲ್ಲಿ ಹಿಂದಿನಿಂದ ಮುಂದಕ್ಕೆ ನಕಲು ಮಾಡುವಂತೆ ಬದಲಿಸಿದರು. ಮೂಲವೂ ಗುರಿಯೂ ಒಂದರ ಮೇಲೊಂದು ಹಾಯಬಾರದು ಎಂದು ಮಾನಕ ಹೇಳಿದ್ದರಿಂದ ನಿಯಮದಂತೆ ಇದು ಸರಿ. ಆದರೆ ಅಡೋಬಿಯ ಫ್ಲ್ಯಾಶ್ ಪ್ಲೇಯರ್ ಆ ನಿಯಮ ಮುರಿದಿತ್ತು. ಫೆಡೋರಾ 14 ಬಳಸುವವರಿಗೆ ವಿಡಿಯೋಗಳ ಧ್ವನಿ ಒಡೆದು ಕೇಳಿಸತೊಡಗಿತು. ಲೈಬ್ರರಿಯವರು ನಿಯಮ ತೋರಿಸಿದರು, ಲೈನಸ್ ಟೊರ್ವಾಲ್ಡ್ಸ್ ಬಳಕೆದಾರರ ಪರ ನಿಂತು ವಾದಿಸಿದರು. ಕೊನೆಗೆ ಹೊಸದಾಗಿ ಕಂಪೈಲ್ ಆದವಕ್ಕೆ ಹೊಸ ಮೆಮ್‌ಕಾಪಿ, ಹಳೆಯ ಬೈನರಿಗಳಿಗೆ ಹಳೆಯ ನಡವಳಿಕೆ ಎಂದು ಚಿಹ್ನೆಯ ಆವೃತ್ತಿಯನ್ನೇ ಬೇರ್ಪಡಿಸಿದರು. ಎರಡನೆಯದು 2022ರ ಆಗಸ್ಟ್‌ನಲ್ಲಿ ಬಂದ 2.36ನೇ ಆವೃತ್ತಿ. ಚಿಹ್ನೆ ಹುಡುಕಲು 2006ರಿಂದ ಹೊಸ ಹ್ಯಾಶ್ ಪಟ್ಟಿ ಇರುವಾಗ ಹಳೆಯ ಪಟ್ಟಿ ಜಾಗ ತಿನ್ನುವುದೇಕೆ ಎಂದು ಲೈಬ್ರರಿಯನ್ನು ಕಟ್ಟುವಾಗ ಅದನ್ನು ಬಿಟ್ಟರು. ಬಿಲ್ಡ್ ಫೈಲಿನಲ್ಲಿ ಒಂದು ಆಯ್ಕೆ ಬದಲಾಯಿಸಿದ್ದು, ಅಷ್ಟೆ. ಈಸಿ ಆಂಟಿಚೀಟ್ ಎಂಬ, ಆನ್‌ಲೈನ್ ಆಟಗಳಲ್ಲಿ ಮೋಸ ತಡೆಯುವ ತಂತ್ರಾಂಶ ಆ ಹಳೆಯ ಪಟ್ಟಿಯನ್ನೇ ಓದುತ್ತಿತ್ತು. ಲಿನಕ್ಸ್‌ನಲ್ಲಿ ಹಲವು ಆಟಗಳು ನಿಂತವು, ಆರ್ಚ್‌ನಂಥ ವಿತರಣೆಗಳು ಹಳೆಯ ಪಟ್ಟಿಯನ್ನು ಮರಳಿ ಸೇರಿಸಿಕೊಂಡವು.

ಮೊದಲ ಪ್ರಸಂಗದಲ್ಲಿ ನಿಯಮ ಲೈಬ್ರರಿಯ ಕಡೆಗಿತ್ತು. ಎರಡನೆಯದರಲ್ಲಿ ಹಳೆಯ ಪಟ್ಟಿ ಇರಲೇಬೇಕೆಂದು ಬೈನರಿ ಕಡತಗಳ ಮಾನಕವೇ ಹೇಳುತ್ತದೆ ಎಂಬ ವಾದ ಬಳಕೆದಾರರ ಕಡೆಗಿತ್ತು. ನನ್ನ ತೀರ್ಮಾನದಲ್ಲಿ ಮಾನಕ ಯಾರ ಕಡೆಗಿತ್ತು ಎಂಬುದು ಇಲ್ಲಿ ಆಮೇಲಿನ ಮಾತು. ಲೈಬ್ರರಿಯ ಹೊರಮೈಯನ್ನು ಮುಟ್ಟುವ ಯಾವ ಪ್ಯಾಚನ್ನೂ ಕ್ಲೀನಪ್ ಎಂದು ಕರೆಯಬಾರದು. ಒಳಗಿನ ಗುಟ್ಟಿನ ಫಂಕ್ಷನ್‌ನ ಹೆಸರು ಬದಲಿಸುವುದಕ್ಕೂ ಹೊರಗೆ ಕಾಣುವ ಒಂದು ಪಟ್ಟಿಯನ್ನು ತೆಗೆಯುವುದಕ್ಕೂ ಸಾಲುಗಳ ಲೆಕ್ಕ ಒಂದೇ ಇರಬಹುದು, ರಿವ್ಯೂ ಒಂದೇ ಆಗಿರಬಾರದು.

ಇಷ್ಟು ಓದಿದವರಿಗೆ, ಹಾಗಾದರೆ ಹಳೆಯ ಕೋಡನ್ನು ಮುಟ್ಟದಿರುವುದೇ ವಾಸಿ ಅನ್ನಿಸಬಹುದು. ಮುಟ್ಟದಿರುವುದರ ಬೆಲೆ ಅದಕ್ಕಿಂತ ಹೆಚ್ಚು. 2014ರ ಫೆಬ್ರವರಿಯಲ್ಲಿ ಆ್ಯಪಲ್‌ನ ಭದ್ರತಾ ಲೈಬ್ರರಿಯಲ್ಲಿ ‘ಗೋಟು ಫೇಲ್’ ಎಂಬ ಸಾಲು ಒಂದರ ಕೆಳಗೊಂದು ಎರಡು ಬಾರಿ ಬಿದ್ದಿದ್ದು ಬಯಲಾಯಿತು. ಇಫ್‌ಗೆ ಆವರಣ ಚಿಹ್ನೆ ಇಲ್ಲದ್ದರಿಂದ ಎರಡನೆಯ ಸಾಲು ಯಾವ ಷರತ್ತೂ ಇಲ್ಲದೆ ಓಡುತ್ತಿತ್ತು, ಸರ್ವರ್‌ನ ಸಹಿ ಪರಿಶೀಲನೆ ನಡೆಯುವ ಮೊದಲೇ ‘ಎಲ್ಲ ಸರಿ’ ಎಂಬ ಉತ್ತರ ಹೋಗುತ್ತಿತ್ತು. ತಲುಪಲಾಗದ ಕೋಡ್ ಇದೆ ಎಂದು ಹೇಳುವ ಎಚ್ಚರಿಕೆಯನ್ನು ಕಂಪೈಲರ್‌ನಲ್ಲಿ ಚಾಲೂ ಮಾಡಿ, ಅದು ತೋರಿಸಿದ್ದನ್ನೆಲ್ಲ ಸರಿಪಡಿಸುವ ಬೇಸರದ ಕ್ಲೀನಪ್ ಯಾರಾದರೂ ಮಾಡಿದ್ದರೆ ಇದು ಅಂದೇ ಸಿಗುತ್ತಿತ್ತು. ಅದೇ ವರ್ಷ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾದಾಗ ಓಪನ್‌ಬಿಎಸ್‌ಡಿ ತಂಡ ಆ ಲೈಬ್ರರಿಯನ್ನು ಕವಲೊಡೆಸಿ ಲಿಬ್ರೆಎಸ್‌ಎಸ್‌ಎಲ್ ಮಾಡಿತು, ಮೊದಲ ವಾರದಲ್ಲೇ ತೊಂಬತ್ತು ಸಾವಿರಕ್ಕೂ ಹೆಚ್ಚು ಸಾಲು ಕಿತ್ತಿತು. ಹಳೆಯ ಮ್ಯಾಕ್, ಓಎಸ್/2, 16 ಬಿಟ್ ವಿಂಡೋಸ್‌ಗಳಿಗೆಂದು ಉಳಿಸಿಕೊಂಡಿದ್ದ ಕೋಡೂ ಅದರಲ್ಲಿತ್ತು. ಆ ಪೊದೆಗಳ ನಡುವೆ ನಿಜವಾದ ದೋಷ ಓದುವವರ ಕಣ್ಣಿಗೆ ಬೀಳುವುದಾದರೂ ಹೇಗೆ?

ಗ್ನೂ ಸಿ ಲೈಬ್ರರಿಯ ‘ಘೋಸ್ಟ್’ ಎಂಬ ದೋಷ ಇನ್ನೊಂದು ದಿಕ್ಕಿನಿಂದ ಪಾಠ ಹೇಳುತ್ತದೆ. ಹೋಸ್ಟ್ ಹೆಸರು ಹುಡುಕುವ ಫಂಕ್ಷನ್‌ನಲ್ಲಿ ಬಫರ್‌ನ ಅಳತೆ ಲೆಕ್ಕ ಹಾಕುವಾಗ ಒಂದು ಪಾಯಿಂಟರ್‌ನಷ್ಟು ಜಾಗ ಬಿಟ್ಟುಹೋಗಿತ್ತು. 2000ದಲ್ಲಿ ಬಂದ 2.2ನೇ ಆವೃತ್ತಿಯಿಂದಲೂ ಇದ್ದ ತಪ್ಪಿದು. 2013ರ ಮೇ 21ರಂದು ಅದನ್ನು ತಿದ್ದಿದರು. ಆದರೆ ಅದು ಭದ್ರತೆಯ ತಿದ್ದುಪಡಿ ಎಂದು ಯಾರೂ ಗುರುತಿಸಲಿಲ್ಲ, ಹೀಗಾಗಿ ದೀರ್ಘಕಾಲ ಬೆಂಬಲಿಸುವ ವಿತರಣೆಗಳು ಅದನ್ನು ಹಳೆಯ ಆವೃತ್ತಿಗಳಿಗೆ ಇಳಿಸಿಕೊಳ್ಳಲಿಲ್ಲ. 2015ರ ಜನವರಿಯಲ್ಲಿ ಕ್ವಾಲಿಸ್ ಸಂಸ್ಥೆ ಎಚ್ಚರಿಸುವವರೆಗೂ ಆ ಸರ್ವರ್‌ಗಳೆಲ್ಲ ತೆರೆದೇ ಇದ್ದವು. ಕೋಡನ್ನು ಸರಿಯಾಗಿ ತಿದ್ದಿದ ಮೇಲೂ ಅದರ ಮಹತ್ವವನ್ನು ಓದಿ ಹೇಳುವವರು ಇಲ್ಲದಿದ್ದರೆ ತಿದ್ದುಪಡಿ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಪ್ಯಾಚ್ ಕೆಡಿಸೀತೇ ಎಂದು ಕೇಳುವ ರಿವ್ಯೂದಾರರು ‘ಇದು ಇಷ್ಟು ದಿನ ಕೆಟ್ಟಿದ್ದರಿಂದ ಯಾರಿಗೆ ಏನಾಗಿರಬಹುದು’ ಎಂದೂ ಕೇಳಬೇಕು. ಆ ಎರಡನೆಯ ಪ್ರಶ್ನೆಗೆ ಸಮಯ ಸಿಗುವುದು ತೀರ ಅಪರೂಪ.

ಸಮಯ ಎಂದಾಗ ಈ ಚರ್ಚೆಯ ಗಟ್ಟಿ ನೆಲ ಸಿಗುತ್ತದೆ. ಕೋಡ್ ರಿವ್ಯೂ ಬಗ್ಗೆ ಅಧ್ಯಯನಗಳು 1976ರಲ್ಲಿ ಐಬಿಎಂನ ಮೈಕೆಲ್ ಫೇಗನ್ ಬರೆದ ಪ್ರಬಂಧದಿಂದ ಹಿಡಿದು ಇಂದಿನವರೆಗೆ ಬೇಕಾದಷ್ಟಿವೆ. 2009ರಲ್ಲಿ ಮಾಂಟಿಲಾ ಮತ್ತು ಲಾಸೇನಿಯಸ್ ಪ್ರಕಟಿಸಿದ ಅಧ್ಯಯನದಲ್ಲಿ ರಿವ್ಯೂಗೆ ಸಿಕ್ಕ ದೋಷಗಳ ಪೈಕಿ ಸುಮಾರು ಮುಕ್ಕಾಲು ಭಾಗ ಪ್ರೋಗ್ರಾಮಿನ ನಡವಳಿಕೆಗೆ ಸಂಬಂಧಿಸಿದವೇ ಅಲ್ಲ, ಓದಲು ಮತ್ತು ಮುಂದೆ ತಿದ್ದಲು ಆಗುವ ತೊಡಕುಗಳು. 2013ರಲ್ಲಿ ಬಕೆಲ್ಲಿ ಮತ್ತು ಬರ್ಡ್ ಮೈಕ್ರೋಸಾಫ್ಟ್‌ನಲ್ಲಿ ಕಂಡದ್ದೂ ಇದಕ್ಕೆ ಹೊಂದುತ್ತದೆ: ದೋಷ ಹಿಡಿಯುವುದೇ ರಿವ್ಯೂನ ಮುಖ್ಯ ಉದ್ದೇಶ ಎನ್ನುತ್ತಾರೆ, ನಿಜದಲ್ಲಿ ಸಿಗುವ ದೋಷಗಳು ನಿರೀಕ್ಷೆಗಿಂತ ಕಡಿಮೆ, ತಿಳಿವಳಿಕೆಯ ಹಂಚಿಕೆಯಂಥ ಬೇರೆ ಲಾಭಗಳು ಸಿಗುತ್ತವೆ. 2018ರಲ್ಲಿ ಗೂಗಲ್‌ನಿಂದ ಬಂದ ಅಧ್ಯಯನದ ಪ್ರಕಾರ ಅಲ್ಲಿನ ಬದಲಾವಣೆಗಳ ಮಧ್ಯಾಂಕ ಗಾತ್ರ 24 ಸಾಲು, ಶೇಕಡ ಹತ್ತಕ್ಕೂ ಹೆಚ್ಚು ಒಂದೇ ಸಾಲಿನವು. ಸಣ್ಣ ಪ್ಯಾಚೇ ದಿನನಿತ್ಯದ ರಿವ್ಯೂ ಎಂದಾಯಿತು. ಅಲ್ಲಿ ರಿವ್ಯೂಗೆ ಸಂಬಳವಿದೆ, ಸ್ವಯಂಸೇವಕರು ನಡೆಸುವ ಲೈಬ್ರರಿಯಲ್ಲಿ ಊಟ ಮುಗಿಸಿ ಕುಳಿತ ಒಂದು ಗಂಟೆ ಇರುತ್ತದೆ. ಆ ಒಂದು ಗಂಟೆ ಸೈಕಲ್ ಶೆಡ್‌ನ ಬಣ್ಣದ ಚರ್ಚೆಗೆ, ಅಂದರೆ ಎಲ್ಲರೂ ಮಾತಾಡಬಲ್ಲ ಕ್ಷುಲ್ಲಕ ವಿಷಯದ ವಾದಕ್ಕೆ, ಹೋಗುವ ಅಪಾಯವೂ ಇದೆ. 1957ರಲ್ಲಿ ಪಾರ್ಕಿನ್ಸನ್ ಹೇಳಿದ ಆ ದೃಷ್ಟಾಂತವನ್ನು 1999ರಲ್ಲಿ ಫ್ರೀಬಿಎಸ್‌ಡಿಯ ಪೌಲ್ ಹೆನ್ನಿಂಗ್ ಕ್ಯಾಂಪ್ ನೆನಪಿಸಿದ್ದು ಇಂಥ ಸಣ್ಣ ಬದಲಾವಣೆಗಳ ಸುತ್ತ ಮುಗಿಯದೆ ಬೆಳೆಯುತ್ತಿದ್ದ ವಾದಕ್ಕೆ ಬೇಸತ್ತು.

ಆದ್ದರಿಂದಲೇ ಕರ್ನೆಲ್‌ನ ಮಾರ್ಗದರ್ಶಿ ಪುಟಗಳು ಬರೀ ಶೈಲಿ ತಿದ್ದುವ ಪ್ಯಾಚ್‌ಗಳಿಗೆ ಸಿಗುವ ಸ್ವಾಗತ ತಣ್ಣಗಿರುತ್ತದೆ ಎಂದು ಮೊದಲೇ ಹೇಳಿಬಿಡುತ್ತವೆ. ಬೇರೆ ಕಾರಣಕ್ಕೆ ಆ ಕೋಡ್‌ಗೆ ಕೈಹಾಕಿದಾಗ ಶೈಲಿಯನ್ನೂ ಸರಿಪಡಿಸಿ ಎಂಬುದು ಅವುಗಳ ಸಲಹೆ. ಸ್ಥಿರ ಆವೃತ್ತಿಗಳ ನಿಯಮದಲ್ಲಿ ಕಾಗುಣಿತ, ಖಾಲಿ ಜಾಗದಂಥ ತಿದ್ದುಪಡಿಗಳಿಗೆ ಪ್ರವೇಶವೇ ಇಲ್ಲ. ಇದರಲ್ಲಿ ಬಿಗುಮಾನವನ್ನಷ್ಟೇ ನೋಡುವವರಿದ್ದಾರೆ. ಆದರೆ ಮುಖ್ಯ ಶಾಖೆಯಲ್ಲಿ ಸುಮ್ಮನೆ ಮರುಜೋಡಿಸಿದ ನಲವತ್ತು ಸಾಲು, ನಾಳೆ ಅದೇ ಜಾಗದ ಭದ್ರತಾ ತಿದ್ದುಪಡಿಯನ್ನು ಐದು ವರ್ಷ ಹಳೆಯ ಶಾಖೆಗೆ ಇಳಿಸುವವರ ದಾರಿಯಲ್ಲಿ ಕಲ್ಲಾಗಿ ಕುಳಿತಿರುತ್ತದೆ. ಒಂದು ಸಾಲನ್ನು ಯಾರು, ಯಾಕೆ ಬರೆದರು ಎಂದು ಗಿಟ್‌ನಲ್ಲಿ ಕೇಳಿದರೆ ಬರುವ ಉತ್ತರ ‘ಇಂಡೆಂಟ್ ಸರಿಪಡಿಸಿದೆ’ ಎಂದಷ್ಟೇ ಆಗಿಬಿಡುತ್ತದೆ. ಇಂಥ ಕಮಿಟ್‌ಗಳನ್ನು ದಾಟಿ ಹಿಂದಕ್ಕೆ ನೋಡುವ ಅನುಕೂಲ ಗಿಟ್‌ನ 2.23ನೇ ಆವೃತ್ತಿಯಲ್ಲಿ, 2019ರಲ್ಲಿ ಬಂತು. ಅಲ್ಲಿಗೆ ಆ ದೂರಿನ ತೂಕ ಸ್ವಲ್ಪ ಇಳಿದಿದೆ, ಹಳೆಯ ಶಾಖೆಗಳದ್ದು ಇಳಿದಿಲ್ಲ.

ಇನ್ನೊಂದು ಕಡೆ, ಹೊಸಬರು ಒಳಗೆ ಬರುವ ಬಾಗಿಲೂ ಇದೇ ಸಣ್ಣ ಪ್ಯಾಚ್. ಕರ್ನೆಲ್‌ನ ಸ್ಟೇಜಿಂಗ್ ವಿಭಾಗವನ್ನು ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಇಂಥ ಕಲಿಕೆಗೆ ತೆರೆದಿಟ್ಟರು, ಶೈಲಿ ತಪಾಸಿಸುವ ಚೆಕ್‌ಪ್ಯಾಚ್ ಎಂಬ ಸ್ಕ್ರಿಪ್ಟ್ ತೋರಿಸಿದ ಎಚ್ಚರಿಕೆಯೊಂದನ್ನು ಸರಿಪಡಿಸಿ ಕಳಿಸುವುದು ಎಷ್ಟೋ ಮಂದಿಯ ಮೊದಲ ಹೆಜ್ಜೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿ ಕಲಿತು ಮುಕ್ತ ತಂತ್ರಾಂಶಕ್ಕೆ ಕೈಜೋಡಿಸಬೇಕೆನ್ನುವವರಿಗೂ ಹಿರಿಯರು ತೋರಿಸುವುದು ಈ ದಾರಿಯನ್ನೇ. ಅದು ಕೆಟ್ಟು ಹೋಗುವ ಬಗೆಯನ್ನೂ ನೋಡಿದ್ದೇವೆ. 2020ರ ಅಕ್ಟೋಬರ್‌ನಲ್ಲಿ, ನಾಲ್ಕು ಕೊಡುಗೆಗೆ ಒಂದು ಟೀ ಶರ್ಟ್ ಎಂಬ ಹ್ಯಾಕ್ಟೋಬರ್‌ಫೆಸ್ಟ್ ಉತ್ಸವದಲ್ಲಿ, ರೀಡ್‌ಮಿ ಫೈಲಿಗೆ ಒಂದೆರಡು ಹೊಗಳಿಕೆಯ ಪದ ಸೇರಿಸಿದ ಕೋರಿಕೆಗಳು ಮೇಂಟೇನರ್‌ಗಳನ್ನು ಮುಳುಗಿಸಿದವು. ಕಳಿಸಿದವರಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳೂ ಬಹಳ ಮಂದಿ ಇದ್ದರು. ಆಯೋಜಕರು ಕೆಲವೇ ದಿನಗಳಲ್ಲಿ ನಿಯಮ ಬದಲಿಸಿ, ಬೇಕೆಂದು ಒಪ್ಪಿದ ಯೋಜನೆಗಳಿಗೆ ಮಾತ್ರ ಉತ್ಸವ ಎಂದರು. ಆ ಹುಡುಗರನ್ನು ಬೈದು ಮುಗಿಸುವುದು ಸುಲಭ. ಅವರ ಕೈಗೆ ಸಿಕ್ಕಿದ್ದು ಬಹುಮಾನದ ಲೆಕ್ಕ ಮಾತ್ರ, ಪ್ಯಾಚ್ ಓದುವ ಮನುಷ್ಯರೊಬ್ಬರು ಆ ಕಡೆ ಇದ್ದಾರೆ ಎಂಬುದನ್ನು ಹೇಳಿಕೊಟ್ಟವರಿರಲಿಲ್ಲ.

ಸಣ್ಣದೆಂಬ ಕಾರಣಕ್ಕೆ ಕಾವಲು ಸಡಿಲವಾಗುತ್ತದೆ ಎಂಬುದನ್ನು ಕೆಡುಕು ಬಯಸುವವರೂ ಅರಿತಿದ್ದಾರೆ. 2021ರ ನವೆಂಬರ್‌ನಲ್ಲಿ ಲಿಬ್‌ಆರ್ಕೈವ್ ಎಂಬ ಲೈಬ್ರರಿಗೆ ಒಂದು ಪ್ಯಾಚ್ ಬಂತು. ಕಡತ ಬಿಚ್ಚುವಾಗ ತಪ್ಪಾದರೆ ಕಾರಣವನ್ನೂ ತೋರಿಸುವಂತೆ ಮಾಡಿದ್ದೇನೆ ಎಂಬ ವಿವರಣೆ. ಉಪಕಾರವೇ. ಅದೇ ಪ್ಯಾಚ್‌ನಲ್ಲಿ ‘ಸೇಫ್ ಎಫ್‌ಪ್ರಿಂಟ್‌ಎಫ್’ ಇದ್ದ ಕಡೆ ಬರೀ ‘ಎಫ್‌ಪ್ರಿಂಟ್‌ಎಫ್’ ಬಂದಿತ್ತು. ಮೊದಲನೆಯದು ಕಡತದ ಹೆಸರಿನಲ್ಲಿ ಅಡಗಿಸಿಟ್ಟ, ಟರ್ಮಿನಲ್ಲನ್ನು ಆಡಿಸಬಲ್ಲ ನಿಯಂತ್ರಣ ಅಕ್ಷರಗಳನ್ನು ಸೋಸಿ ಮುದ್ರಿಸುತ್ತದೆ, ಎರಡನೆಯದು ಬಂದದ್ದನ್ನು ಬಂದಹಾಗೇ ಮುದ್ರಿಸುತ್ತದೆ. ಪ್ಯಾಚ್ ಒಳಗೆ ಹೋಯಿತು. ಕಳಿಸಿದವರ ಹೆಸರು ಜಿಯಾ ಟಾನ್. ಅದೇ ಹೆಸರಿನವರು ಎಕ್ಸ್‌ಜೆಡ್ ಎಂಬ ಸಂಕೋಚನ ಲೈಬ್ರರಿಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಸಣ್ಣಪುಟ್ಟ ಕೆಲಸ ಮಾಡಿಕೊಟ್ಟು, ದಣಿದಿದ್ದ ಮೂಲ ಮೇಂಟೇನರ್‌ನ ನಂಬಿಕೆ ಗಳಿಸಿ, 2024ರ ಆವೃತ್ತಿಗಳಲ್ಲಿ ಹಿಂಬಾಗಿಲು ಇಟ್ಟರು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿರುವುದೇಕೆ ಎಂದು ಬೆನ್ನಟ್ಟಿದ ಆಂಡ್ರೆಸ್ ಫ್ರಾಯಿಂಡ್ ಮಾರ್ಚ್ 29ರಂದು ಅದನ್ನು ಬಯಲಿಗೆ ತಂದರು. ಆಮೇಲೆ ಅದೇ ಯೋಜನೆಯ ಸಿಮೇಕ್ ಬಿಲ್ಡ್ ಫೈಲಿನಲ್ಲಿ ಒಂಟಿಯಾಗಿ ನಿಂತ ಒಂದು ಚುಕ್ಕಿ ಕಣ್ಣಿಗೆ ಬಿತ್ತು. ಲ್ಯಾಂಡ್‌ಲಾಕ್ ಎಂಬ ರಕ್ಷಣೆ ಈ ಯಂತ್ರದಲ್ಲಿದೆಯೇ ಎಂದು ನೋಡುವ ಪುಟ್ಟ ಪರೀಕ್ಷಾ ಕೋಡ್ ಆ ಚುಕ್ಕಿಯಿಂದಾಗಿ ಎಂದೂ ಕಂಪೈಲ್ ಆಗುತ್ತಿರಲಿಲ್ಲ, ಹಾಗಾಗಿ ರಕ್ಷಣೆ ಎಂದೂ ಚಾಲೂ ಆಗುತ್ತಿರಲಿಲ್ಲ. ಒಂದು ಚುಕ್ಕಿ! ಪರದೆಯ ಮೇಲಿನ ಧೂಳಿನ ಕಣವೆಂದುಕೊಂಡು ಮುಂದೆ ಹೋಗಬಹುದಾದಷ್ಟು.

ಇದಕ್ಕೂ ಮೊದಲು, 2021ರ ಏಪ್ರಿಲ್‌ನಲ್ಲಿ, ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಸಣ್ಣ ತಿದ್ದುಪಡಿಯ ವೇಷದಲ್ಲಿ ದೋಷ ತೂರಿಸಬಹುದೇ ಎಂದು ಕರ್ನೆಲ್ ಬಳಗದ ಮೇಲೆ ಪ್ರಯೋಗ ಮಾಡಿದ್ದು ದೊಡ್ಡ ಗದ್ದಲವಾಗಿತ್ತು. ಆ ವಿಶ್ವವಿದ್ಯಾಲಯದಿಂದ ಬರುವ ಪ್ಯಾಚ್‌ಗಳನ್ನು ಕರ್ನೆಲ್ ನಿಲ್ಲಿಸಿತು, ಸಂಶೋಧಕರು ಪ್ರಬಂಧ ಹಿಂತೆಗೆದುಕೊಂಡರು. ಗದ್ದಲಕ್ಕಿಂತ ಆಮೇಲೆ ನಡೆದ ಕೆಲಸ ನನಗೆ ಮುಖ್ಯವಾಗಿ ಕಾಣುತ್ತದೆ. ಅಲ್ಲಿಂದ ಹಿಂದೆಂದೋ ಬಂದಿದ್ದ 435 ಕಮಿಟ್‌ಗಳನ್ನು ಸ್ವಯಂಸೇವಕರು ಮತ್ತೆ ಒಂದೊಂದಾಗಿ ಓದಿದರು. 349 ಸರಿಯಾಗಿದ್ದವು. 39ರಲ್ಲಿ ತಪ್ಪಿತ್ತು, ತಿದ್ದಬೇಕಾಯಿತು. ಆ 39ಕ್ಕೆ ದುರುದ್ದೇಶ ಕಾರಣವಾಗಿರಲಿಲ್ಲ. ಒಳ್ಳೆಯ ಮನಸ್ಸಿನಿಂದ ಬರೆದು, ಒಳ್ಳೆಯ ಮನಸ್ಸಿನಿಂದ ಒಪ್ಪಿಕೊಂಡ ಪ್ಯಾಚ್‌ಗಳವು. ಸುಮಾರು ಹನ್ನೊಂದಕ್ಕೆ ಒಂದು.

ಈ ಪ್ರಮಾಣ ಇಳಿಸಲು ಯಂತ್ರದ ನೆರವು ಏನೇನಿದೆ? ಖಾಲಿ ಜಾಗ ಮಾತ್ರ ಬದಲಾಗಿದೆ ಎಂದರೆ, ಖಾಲಿ ಜಾಗವನ್ನು ಕಡೆಗಣಿಸಿ ತೋರಿಸು ಎಂದು ಗಿಟ್‌ಗೆ ಹೇಳಿದಾಗ ಏನೂ ಉಳಿಯಬಾರದು. ಸಾಲುಗಳ ಜಾಗ ಮಾತ್ರ ಬದಲಾಗಿದೆ ಎಂದರೆ, ಸರಿಸಿದ ಸಾಲಿಗೆ ಬೇರೆ ಬಣ್ಣ ಕೊಡುವ ಸೌಲಭ್ಯ 2017ರಿಂದ ಗಿಟ್‌ನಲ್ಲೇ ಇದೆ. ಹೆಸರು ಬದಲಿಸಿದ ಪ್ಯಾಚ್‌ಗೆ ಮುಂಚಿನ ಮತ್ತು ನಂತರದ ಆಬ್ಜೆಕ್ಟ್ ಫೈಲ್‌ಗಳನ್ನು ಹೋಲಿಸಬಹುದು, ಕರ್ನೆಲ್‌ನಲ್ಲಿ ಅದಕ್ಕೊಂದು ಸ್ಕ್ರಿಪ್ಟೇ ಇದೆ. ಲೈಬ್ರರಿಯ ಹೊರಮೈ ಬದಲಾಗಿಲ್ಲ ಎಂದು ತೋರಿಸಲು ಲಿಬ್‌ಅಬಿಗೇಲ್ ಯೋಜನೆಯ ಅಬಿಡಿಫ್ ಇದೆ. ಇವೆಲ್ಲಕ್ಕಿಂತ ನನಗೆ ಹಿಡಿಸುವುದು ಜೂಲಿಯಾ ಲಾವಾಲ್ ಮತ್ತು ಸಂಗಡಿಗರು ಕಟ್ಟಿದ ಕಾಕ್ಸಿನೆಲ್ ಎಂಬ ಸಾಧನ. ‘ಈ ಆಕಾರದ ಕೋಡ್ ಕಂಡರೆ ಹೀಗೆ ಬದಲಿಸು’ ಎಂಬ ನಿಯಮವನ್ನು ಹತ್ತು ಸಾಲಿನಲ್ಲಿ ಬರೆದುಕೊಟ್ಟರೆ ಅದು ನೂರಾರು ಫೈಲುಗಳನ್ನು ತಿದ್ದುತ್ತದೆ. ಆ ನಿಯಮವನ್ನೇ ಕಮಿಟ್ ಸಂದೇಶದಲ್ಲಿ ಇಟ್ಟರೆ ರಿವ್ಯೂದಾರರು ನೂರು ಫೈಲಿನ ಬದಲು ಹತ್ತು ಸಾಲು ಓದಿ, ತಾವೇ ಓಡಿಸಿ ನೋಡಬಹುದು.

ಆದರೂ ಯಂತ್ರ ನಿಲ್ಲುವ ಒಂದು ಗಡಿ ಇದೆ. ಕರ್ನೆಲ್‌ನಲ್ಲಿ ವರ್ಷಗಳಿಂದ ನಡೆದಿರುವ ‘ಸ್ಟ್ರ್‌ಎನ್‌ಕಾಪಿ’ ಬಿಡಿಸುವ ಕೆಲಸವನ್ನು ನೋಡಿ. ಸ್ಟ್ರಿಂಗ್ ನಕಲಿಸುವ ಆ ಫಂಕ್ಷನ್ ಅದರ ಕೊನೆಗೆ ಸೊನ್ನೆ ಇಡುತ್ತದೆಂಬ ಭರವಸೆ ಇಲ್ಲ, ಅದಕ್ಕೇ ‘ಸ್ಟ್ರ್‌ಎಸ್‌ಕಾಪಿ’ ಬಳಸಿ ಎನ್ನುತ್ತಾರೆ. ಆದರೆ ಹಳೆಯದಕ್ಕೆ ಇನ್ನೊಂದು ಗುಣವಿತ್ತು: ಮೂಲ ಚಿಕ್ಕದಿದ್ದರೆ ಉಳಿದ ಜಾಗಕ್ಕೆಲ್ಲ ಸೊನ್ನೆ ತುಂಬುತ್ತಿತ್ತು. ಹೊಸದು ತುಂಬುವುದಿಲ್ಲ. ನಕಲಾದ ಸ್ಟ್ರಿಂಗ್ ಇರುವ ರಚನೆ ಮುಂದೆ ಇಡಿಯಾಗಿ ಬಳಕೆದಾರನ ಪ್ರೋಗ್ರಾಮಿಗೆ ನಕಲಾಗುವುದಾದರೆ, ಉಳಿದ ಜಾಗದಲ್ಲಿದ್ದ ಕರ್ನೆಲ್‌ನ ಗುಟ್ಟುಗಳೂ ಜೊತೆಗೆ ಹೋಗುತ್ತವೆ. ಅಲ್ಲಿ ‘ಸ್ಟ್ರ್‌ಎಸ್‌ಕಾಪಿ ಪ್ಯಾಡ್’ ಬೇಕು. ಯಾವ ಕಡೆ ಯಾವುದು ಎಂದು ಹೇಳಲು ಆ ರಚನೆ ಎಲ್ಲಿ ಹುಟ್ಟಿತು, ಮೊದಲೇ ಸೊನ್ನೆ ತುಂಬಿದ್ದರೇ, ಎಲ್ಲಿಗೆ ಹೋಗುತ್ತದೆ ಎಂದು ಒಬ್ಬರು ಕುಳಿತು ಓದಬೇಕು. ಇದನ್ನು ಚೆನ್ನಾಗಿ ಮಾಡಿದ ಪ್ಯಾಚ್‌ಗಳು ಕೋಡ್‌ಗಿಂತ ವಿವರಣೆಯಲ್ಲಿ ಉದ್ದವಿರುತ್ತವೆ. ಒಂದು ಸಾಲಿನ ಬದಲಾವಣೆ, ಅದರ ಮೇಲೆ ಎರಡು ಪ್ಯಾರಾ: ಗುರಿಯ ಬಫರ್ ಇಂಥಲ್ಲಿ ಸೊನ್ನೆಯಿಂದ ತುಂಬಿ ಬರುತ್ತದೆ, ಇಂಥ ಫಂಕ್ಷನ್ ಅದನ್ನು ಸಾಮಾನ್ಯ ಸ್ಟ್ರಿಂಗ್ ಆಗಿಯೇ ಓದುತ್ತದೆ, ಆದ್ದರಿಂದ ಪ್ಯಾಡ್ ಬೇಡ. ರಿವ್ಯೂದಾರರು ಆ ಎರಡು ಪ್ಯಾರಾ ನಿಜವೇ ಎಂದು ನೋಡಿದರೆ ಸಾಕು, ಮೊದಲಿನಿಂದ ಹುಡುಕಬೇಕಿಲ್ಲ. ‘ಏನೂ ಬದಲಾಗಿಲ್ಲ’ ಎಂಬುದಕ್ಕೆ ಸಾಕ್ಷ್ಯ ಒದಗಿಸುವ ಹೊರೆ ಪ್ಯಾಚ್ ಕಳಿಸುವವರ ಮೇಲಿರಬೇಕು ಎಂದು ನಾನು ಬಲವಾಗಿ ನಂಬಿರುವುದು ಇದಕ್ಕಾಗಿ. ಸಾಕ್ಷ್ಯವಿಲ್ಲದ ಕ್ಲೀನಪ್ ಪ್ಯಾಚ್, ತನ್ನ ಕೆಲಸವನ್ನು ಓದುವವರ ತಲೆಗೆ ದಾಟಿಸಿದ ಪ್ಯಾಚ್.

ಈಗ ಭಾಷಾ ಮಾದರಿಗಳು ಇಂಥ ಪ್ಯಾಚ್‌ಗಳನ್ನು ಕ್ಷಣಾರ್ಧದಲ್ಲಿ ಬರೆಯುತ್ತವೆ, ಎರಡು ಪ್ಯಾರಾ ವಿವರಣೆಯನ್ನೂ ಸೊಗಸಾಗಿ ಬರೆಯುತ್ತವೆ. ಆ ವಿವರಣೆಯ ಹಿಂದೆ ಯಾರಾದರೂ ಕೋಡ್ ಓದಿದ್ದರೇ ಎಂಬುದು ಬರಹದ ಸೊಗಸಿನಿಂದ ತಿಳಿಯುವುದಿಲ್ಲ. 2025ರ ಜೂನ್‌ನಲ್ಲಿ ಲಿಬ್‌ವರ್ಟ್‌ನ ನೆರೆಯ ಯೋಜನೆಯಾದ ಕ್ಯೂಎಂಯು ಯಂತ್ರ ಬರೆದ ಕೋಡನ್ನು ಸದ್ಯಕ್ಕೆ ಒಪ್ಪುವುದಿಲ್ಲ ಎಂಬ ನಿಯಮ ತಂದಿತು. ಕಾರಣವಾಗಿ ಅದು ತೋರಿಸಿದ್ದು 2004ರಲ್ಲಿ ಕರ್ನೆಲ್‌ನಲ್ಲಿ ಶುರುವಾದ ದೃಢೀಕರಣದ ಸಾಲನ್ನು. ಈ ಕೋಡ್ ಕೊಡುವ ಹಕ್ಕು ನನಗಿದೆ ಎಂದು ಪ್ರತಿ ಪ್ಯಾಚ್‌ನ ಕೊನೆಯಲ್ಲಿ ಕಳಿಸುವವರು ತಮ್ಮ ಹೆಸರು ಹಾಕಿ ಹೇಳುವ ಸಾಲು ಅದು. ಯಂತ್ರ ಬರೆದದ್ದಕ್ಕೆ ಆ ಮಾತನ್ನು ಯಾರು, ಯಾವ ಆಧಾರದ ಮೇಲೆ ಹೇಳುವುದು ಎಂಬುದು ಅವರ ಆಕ್ಷೇಪ. ಹಕ್ಕುಸ್ವಾಮ್ಯದ ಆ ಪ್ರಶ್ನೆ ಎಂದಾದರೂ ಬಗೆಹರಿದೀತು. ಆಗಲೂ ಪ್ಯಾಚ್‌ನ ಕೆಳಗೆ ‘ರಿವ್ಯೂ ಮಾಡಿದವರು’ ಎಂದು ಹೆಸರು ಹಾಕಬೇಕಾದವರ ಬಳಿ ಇರುವುದು ಊಟದ ನಂತರದ ಅದೇ ಒಂದು ಗಂಟೆ. ಲೈಬ್ರರಿಯ ಮೇಲೆ ವ್ಯಾಪಾರ ಕಟ್ಟಿದ ಕಂಪನಿಗಳು ತಮ್ಮ ಇಂಜಿನಿಯರ್‌ಗಳು ಕಳಿಸಿದ ಪ್ಯಾಚ್‌ಗಳ ಲೆಕ್ಕ ಇಡುತ್ತವೆ. ಅದೇ ಇಂಜಿನಿಯರ್‌ಗಳು ಬೇರೆಯವರ ಪ್ಯಾಚ್ ಓದಲು ಕಳೆದ ಗಂಟೆಗಳನ್ನೂ ಕೆಲಸವೆಂದು ಅವು ಬರೆದುಕೊಳ್ಳಲು ಶುರುಮಾಡಿದರೆ, ಆ ಒಂದು ಗಂಟೆ ಎರಡಾಗಬಹುದು.